ಯಾವಾಗ ಕಾಯುತ್ತದೆ? ಹಳೆಯ ವ್ಯಾನಿನ ಎಂಜಿನ್ ಕಾವನ್ನು ಹದಕ್ಕೆ ತರುವ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆವು. ಶಿರವಳ ದಾಟಿ ಖಂಬಾಟಕಿ ಘಾಟ್ ಹತ್ತುತ್ತಿದ್ದಾಗ ಮನೆಯಂತೆ ಮಾಡಿಕೊಂಡ ನಮ್ಮ ಹಳೆಯ ಟೆಂಪೋ ಟ್ರಾವೆಲರ್‌ನ ಕಾವಿನ ಮುಳ್ಳು ಕೆಂಪು ಗೆರೆಗೆ ತಾಗಿತು. ನನ್ನ ಎಡಗಾಲಿನ ಪಕ್ಕದಲ್ಲಿದ್ದ ಎಂಜಿನ್ ಮುಚ್ಚಳದ ಮೇಲೆ ಇಟ್ಟಿದ್ದ ನೀರಿನ ಬಾಟಲಿ ಮೆತ್ತಗಾಗಿ ಬಾಗಿಹೋಗಿತ್ತು. ಹಿಂದಿನ ಹಾಸಿಗೆಯ ಮೇಲೆ ಮಲಗಿದ್ದ ಅತ್ತೆ, “ಏನೋ ಸುಟ್ಟ ವಾಸನೆ ಬರುತ್ತಿದೆ, ನೋಡಪ್ಪಾ” ಎಂದರು. ಗಾಡಿಯನ್ನು ಬದಿಗೆ ಒಯ್ದು ನಿಲ್ಲಿಸುವಷ್ಟರಲ್ಲಿ ಬಾನೆಟ್‌ನ ಸಂದಿಯಿಂದ ಹಬೆ ಏಳುತ್ತಿತ್ತು.

ಆಮೇಲಿನ ಎರಡು ತಿಂಗಳಲ್ಲಿ ಮೂರು ಗರಾಜು ಸುತ್ತಿದೆ. ಮೊದಲನೆಯವರು ಕಾವಿಗೆ ತಕ್ಕಂತೆ ರೇಡಿಯೇಟರಿನ ನೀರಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಕಿತ್ತು ನನ್ನ ಕೈಗೆ ಕೊಟ್ಟು, ನಮ್ಮ ಹವೆಗೆ ಇದು ಬೇಡ ಎಂದರು. ಎರಡನೆಯವರು ದೊಡ್ಡ ಫ್ಯಾನ್ ಹಾಕಿದರು. ಅದಕ್ಕೆ ಅಡ್ಡ ಬರುತ್ತಿದ್ದ ಕೌಲನ್ನು, ಅಂದರೆ ಫ್ಯಾನಿನ ಸುತ್ತುಗೋಡೆಯನ್ನು, ತೆಗೆದು ಬಿಸಾಡಿದರು. ಮೂರನೆಯವರು ರೇಡಿಯೇಟರನ್ನೇ ಬದಲಿಸಿದರು. ಗಾಡಿ ಮಾತ್ರ ಮೊದಲಿನಂತೆಯೇ ಕಾಯುತ್ತಿತ್ತು. ಕೊನೆಗೆ ಪುಣೆ ಬಳಿಯ ಭೋಸರಿಯಲ್ಲಿ ಕೆಲಸ ಮಾಡುವ ವಿಜಯಪುರದ ಕಡೆಯ ಮೇಸ್ತ್ರಿಯೊಬ್ಬರು ಬಾನೆಟ್ ತೆರೆಯುವ ಮೊದಲೇ ಕೇಳಿದರು: “ಅಣ್ಣಾರೆ, ಗಾಡಿ ಯಾವಾಗ ಕಾಯುತ್ತದೆ? ನಿಂತಾಗಲೋ, ಏರುವಾಗಲೋ, ಸಪಾಟು ರಸ್ತೆಯಲ್ಲಿ ಓಡುವಾಗಲೋ?” ಮೂರು ಗರಾಜಿಗೆ ದುಡ್ಡು ಸುರಿದಿದ್ದ ನನ್ನಲ್ಲಿ ಆ ಸರಳ ಪ್ರಶ್ನೆಗೆ ಉತ್ತರ ಇರಲಿಲ್ಲ. ಈ ಬರಹದ ಎಲ್ಲ ಹೆಜ್ಜೆಗಳೂ ಆ ಪ್ರಶ್ನೆಯಿಂದಲೇ ಹುಟ್ಟಿದವು.

ನಾನು ಬರೆಯುತ್ತಿರುವುದು ಎಂಜಿನ್ ಮೂಗಿನಲ್ಲಿ ಪೂರ್ತಿ ಹೊರಗಿರದೆ ಸೀಟುಗಳ ನಡುವೆಯೋ ಸೀಟಿನ ಕೆಳಗೋ ಕುಳಿತಿರುವ ಹಳೆಯ ಗಾಡಿಗಳ ಬಗ್ಗೆ: ಟ್ರಾವೆಲರ್, ಮ್ಯಾಟಡೋರ್, ಓಮ್ನಿ ಮುಂತಾದವು. ನಮ್ಮದರಲ್ಲಿರುವುದು ಮರ್ಸಿಡಿಸ್ ವಿನ್ಯಾಸದ ಒಎಂ 616, ನಾಲ್ಕು ಸಿಲಿಂಡರಿನ 2.4 ಲೀಟರ್ ಡೀಸೆಲ್ ಎಂಜಿನ್. 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡ ಬಜಾಜ್ ಟೆಂಪೋ ಕಂಪನಿಯ ಹಳೆಯ ಗಾಡಿಗಳಲ್ಲಿ ಇದು ಬಹಳ ಕಾಣಸಿಗುತ್ತದೆ. ಗಟ್ಟಿ ಜೀವದ ಎಂಜಿನ್. ಆದರೆ ಎಂಥ ಗಟ್ಟಿ ಎಂಜಿನ್ನಾದರೂ ತಾನು ಸುಡುವ ಇಂಧನದ ಶಕ್ತಿಯಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಪಾಲನ್ನು ಮಾತ್ರ ಚಕ್ರಕ್ಕೆ ಕೊಡುತ್ತದೆ. ಉಳಿದದ್ದು ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಕಾವಾಗಿ ಹೊರಗೆ ಹೋಗಲೇಬೇಕು. ಹೋಗುವ ದಾರಿ ಎಲ್ಲಿ ಕಟ್ಟಿದೆ ಎಂದು ಹುಡುಕುವುದೇ ನಮ್ಮ ಕೆಲಸ.

ಕೈ ಹಾಕುವ ಮೊದಲು ಒಂದು ಮಾತು

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಬಟ್ಟೆ ಹಿಡಿದು ತೆರೆದರೆ ಸಾಕೆನ್ನುವವರ ಮಾತನ್ನು ಕೇಳಬೇಡಿ. ಒಳಗಿನ ನೀರು ಒತ್ತಡದಲ್ಲಿರುವುದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣವೇ ಅಷ್ಟೂ ನೀರು ಕುದಿದು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ಹೋಸ್ ಪೈಪನ್ನು ಬರಿಗೈಯಲ್ಲಿ ಹಿಡಿದು ಹಿಸುಕಲು ಸಾಧ್ಯವಾದಾಗ, ಅದು ಮೆತ್ತಗಿದ್ದಾಗ ಮಾತ್ರ ಮುಚ್ಚಳಕ್ಕೆ ಕೈ ಹಾಕಿ. ಇನ್ನೊಂದು ಮಾತು: ಕೆಲವು ಗಾಡಿಗಳ ಎಲೆಕ್ಟ್ರಿಕ್ ಫ್ಯಾನ್ ಎಂಜಿನ್ ಆರಿಸಿದ ಮೇಲೂ ತಟ್ಟನೆ ತಿರುಗಬಹುದು. ಅದರ ಹತ್ತಿರ ಬೆರಳಿಡುವ ಮೊದಲು ಬ್ಯಾಟರಿಯ ತಂತಿ ಬಿಚ್ಚಿ.

ಹೆಜ್ಜೆ 1: ಒಂದು ವಾರ ಬರೆದಿಡಿ

ಒಂದು ಪುಟ್ಟ ನೋಟ್‌ಬುಕ್ಕನ್ನು ಡ್ಯಾಶ್‌ಬೋರ್ಡ್ ಮೇಲೆ ಇಟ್ಟುಕೊಳ್ಳಿ. ಮುಳ್ಳು ಏರಿದಾಗಲೆಲ್ಲ ನಾಲ್ಕು ಸಂಗತಿ ಬರೆಯಿರಿ: ಎಲ್ಲಿದ್ದೆವು, ಎಷ್ಟು ವೇಗ, ಯಾವ ಗೇರ್, ಎಸಿ ಹಾಕಿತ್ತೇ ಇಲ್ಲವೇ. ಗಾಡಿ ಓಡಿಸುವವರು ಬರೆಯಬಾರದು, ಪಕ್ಕದಲ್ಲಿ ಕುಳಿತವರು ಬರೆಯಬೇಕು.

ಮುಂಬೈಯ ಚೆಂಬೂರಿನಿಂದ ವಾಶಿಯವರೆಗಿನ ದಟ್ಟಣೆಯಲ್ಲಿ ತೆವಳುವಾಗ ಕಾದು, ಗಾಡಿ ಓಡತೊಡಗಿದ ಕೂಡಲೇ ತಣ್ಣಗಾದರೆ ತೊಂದರೆ ಗಾಳಿಯದು. ಫ್ಯಾನ್, ಕೌಲ್, ರೇಡಿಯೇಟರಿನ ಹೊರಮೈ ಇವುಗಳ ಕಡೆಗೆ ನೋಡಿ. ದಟ್ಟಣೆಯಲ್ಲಿ ಸುಮ್ಮನಿದ್ದು, ಖೋಪೋಲಿಯಿಂದ ಖಂಡಾಳಕ್ಕೆ ಬೋರ್ ಘಾಟ್ ಏರುವಾಗ ಮಾತ್ರ ಕಾದರೆ ತೊಂದರೆ ಹೆಚ್ಚಾಗಿ ನೀರಿನ ಹರಿವಿನದು: ಒಳಗೆ ಕಟ್ಟಿದ ರೇಡಿಯೇಟರ್, ಜಾರುವ ಬೆಲ್ಟ್, ಸವೆದ ನೀರಿನ ಪಂಪ್, ಅರ್ಧ ತೆರೆಯುವ ಥರ್ಮೋಸ್ಟಾಟ್. ಸಪಾಟಾದ ಹೆದ್ದಾರಿಯಲ್ಲಿ 80ರ ವೇಗದಲ್ಲಿ ಕಾದು, 50ಕ್ಕೆ ಇಳಿಸಿದಾಗ ತಣಿದರೆ ಕೆಳಗಿನ ಹೋಸ್ ಪೈಪ್ ಚಪ್ಪಟೆಯಾಗುತ್ತಿರಬಹುದು. ಮುಂಜಾನೆ ಚಾಲೂ ಮಾಡಿದ ನಾಲ್ಕೈದು ನಿಮಿಷಕ್ಕೇ ಮುಳ್ಳು ಏರಿದರೆ ಮುಚ್ಚಿಕೊಂಡೇ ಉಳಿದ ಥರ್ಮೋಸ್ಟಾಟ್, ಒಳಗೆ ಸಿಕ್ಕಿಕೊಂಡ ಗಾಳಿ ಅಥವಾ ಹಾಳಾದ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಅಡಿಯಲ್ಲಿರುವ ಸೋರಿಕೆ ತಡೆಯುವ ಹಾಳೆ) ಕಾರಣ. ಎಂಜಿನ್ ಆರಿಸಿದ ಬಳಿಕ ಮುಳ್ಳು ಸ್ವಲ್ಪ ಏರಿ ಮತ್ತೆ ಇಳಿಯುವುದು ಸಹಜ. ನೀರು ನಿಂತುಬಿಟ್ಟಾಗ ಲೋಹದಲ್ಲಿ ಉಳಿದ ಕಾವು ಅದಕ್ಕೆ ಇಳಿಯುತ್ತದೆ, ಅಷ್ಟೇ.

ನಮ್ಮ ಪುಸ್ತಕದಲ್ಲಿ ಬಂದದ್ದು ಎರಡೂ: ದಟ್ಟಣೆಯಲ್ಲಿಯೂ, ಏರಿನಲ್ಲಿಯೂ. ಮೇಸ್ತ್ರಿ ಅದನ್ನು ಓದಿ, “ಹಾಗಾದರೆ ಕಾಯಿಲೆ ಒಂದಲ್ಲ, ಎರಡು” ಎಂದರು.

ಹೆಜ್ಜೆ 2: ಮುಳ್ಳು ನಿಜ ಹೇಳುತ್ತಿದೆಯೇ?

ಇಪ್ಪತ್ತು ವರ್ಷದ ಗಾಡಿಯ ಮೀಟರನ್ನು ಕಣ್ಣು ಮುಚ್ಚಿ ನಂಬಬಾರದು. ಹೆಡ್‌ಲೈಟ್ ಹಾಕಿದೊಡನೆ ಕಾವಿನ ಮುಳ್ಳು ಜಿಗಿದರೆ ಅದು ಎಂಜಿನ್ ಕಾವಲ್ಲ, ಅರ್ಥಿಂಗ್ ಸಡಿಲವಾಗಿದೆ ಎಂದರ್ಥ. ದೂರದಿಂದಲೇ ಉಷ್ಣಾಂಶ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಈ ಇಡೀ ಕೆಲಸದಲ್ಲಿ ದುಡ್ಡಿಗೆ ತಕ್ಕ ಬೆಲೆ ಕೊಡುವ ಸಾಧನ ಅದೊಂದೇ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಅದು ಕಡಿಮೆ ತೋರಿಸುತ್ತದೆ. ಆದ್ದರಿಂದ ಥರ್ಮೋಸ್ಟಾಟ್ ಇರುವ ಗೂಡಿನ ಮೇಲೆ ಒಂದು ಚೂರು ಕಪ್ಪು ಟೇಪ್ ಅಂಟಿಸಿ, ಅದರ ಮೇಲೆ ಹಿಡಿದು ಅಳೆಯಿರಿ. ಮುಳ್ಳು ಎಲ್ಲಿದ್ದಾಗ ಎಷ್ಟು ಡಿಗ್ರಿ ಎಂದು ಮೂರು ನಾಲ್ಕು ಸಲ ಬರೆದುಕೊಂಡರೆ ನಿಮ್ಮ ಮೀಟರಿನ ಭಾಷೆ ನಿಮಗೆ ತಿಳಿಯುತ್ತದೆ.

ಇಲ್ಲೊಂದು ಅಪಾಯವಿದೆ. ನೀರು ಪೂರ್ತಿ ಸೋರಿಹೋದಾಗ ಮೀಟರಿನ ಸೆನ್ಸರ್ ಬರಿಯ ಗಾಳಿಯಲ್ಲಿ ನಿಲ್ಲುತ್ತದೆ. ಆಗ ಮುಳ್ಳು ಏರುವ ಬದಲು ಕೆಳಗೆ ಬೀಳಬಹುದು. ಗಾಡಿ ತಣ್ಣಗಿದೆ ಎಂದು ನೆಮ್ಮದಿಯಿಂದ ಓಡಿಸುತ್ತಿರುವಾಗಲೇ ಹೆಡ್ ಬಾಗಿರುತ್ತದೆ. ಇದಕ್ಕೆ ಪರಿಹಾರ, ನೀರಿನ ಬದಲು ಹೆಡ್‌ನ ಲೋಹದ ಕಾವನ್ನೇ ಅಳೆದು ಕೂಗುವ ಅಲಾರಂ. ಉಂಗುರದಂಥ ಅದರ ಸೆನ್ಸರನ್ನು ಥರ್ಮೋಸ್ಟಾಟ್ ಗೂಡಿನ ಹತ್ತಿರದ ಒಂದು ಸಣ್ಣ ಬೋಲ್ಟಿನ ಅಡಿಯಲ್ಲಿ ಕೂರಿಸುತ್ತಾರೆ. ಹೆಡ್ಡನ್ನು ಬಿಗಿದಿರುವ ಬೋಲ್ಟುಗಳನ್ನು ಇದಕ್ಕಾಗಿ ಎಂದೂ ಸಡಿಲಿಸಬೇಡಿ.

ಹೆಜ್ಜೆ 3: ನೀರು, ಕೂಲೆಂಟ್, ಮುಚ್ಚಳ

ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆರೆದು ನೋಡಿ. ಒಳಗೆ ಗೋಡಂಬಿಸಿಪ್ಪೆಯ ಬಣ್ಣದ ಕಲಕು ನೀರಿದ್ದರೆ ಹಿಂದಿನ ಮಾಲೀಕರು ನಲ್ಲಿ ನೀರನ್ನೋ ಕೊಳವೆಬಾವಿಯ ನೀರನ್ನೋ ತುಂಬಿಸುತ್ತಿದ್ದರು ಎಂದು ತಿಳಿಯಿರಿ. ಗಡಸು ನೀರು ಕಾದಾಗ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿದ್ದೇವೆ. ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಆಗುವುದು ಅದೇ. ನಮ್ಮ ಗಾಡಿಯ ಮೊದಲ ಕಾಯಿಲೆ ಅದೇ ಆಗಿತ್ತು.

ನಮ್ಮಲ್ಲಿ ಹಿಮ ಬೀಳುವುದಿಲ್ಲವಲ್ಲ, ಹೆಪ್ಪುಗಟ್ಟದಂತೆ ನೀರಿಗೆ ಬೆರೆಸುವ ಕೂಲೆಂಟ್ ಏಕೆ ಎಂದು ಕೇಳುವವರಿದ್ದಾರೆ. ಕೂಲೆಂಟಿನ ಮುಖ್ಯ ಕೆಲಸ ಇಲ್ಲಿ ತುಕ್ಕು ತಡೆಯುವುದು; ಜೊತೆಗೆ ಕುದಿಯುವ ಬಿಂದುವನ್ನು ಕೆಲವು ಡಿಗ್ರಿ ಮೇಲಕ್ಕೆ ಒಯ್ಯುತ್ತದೆ. ಹಾಗೆಂದು ಬರೀ ಕೂಲೆಂಟ್ ಸುರಿಯಬಾರದು. ಕಾವು ಹೊರುವುದರಲ್ಲಿ ನೀರಿಗೆ ಸಮ ಯಾವುದೂ ಇಲ್ಲ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ನೀರು ಎಂಬುದು ಸಾಮಾನ್ಯ ಲೆಕ್ಕ. ಮೊದಲೇ ಬೆರೆಸಿ ಮಾರುವ ಡಬ್ಬಿಯಾದರೆ ಅದಕ್ಕೆ ಮತ್ತೆ ನೀರು ಸೇರಿಸಬೇಡಿ. ಹಸಿರು, ಕೆಂಪು, ನೀಲಿ ಎಂಬ ಬಣ್ಣಗಳು ಗುಣದ ಗುರುತಲ್ಲ, ಕಂಪನಿಗೊಂದು ಬಣ್ಣ. ಎರಡು ಬಗೆಯನ್ನು ಬೆರೆಸಿದರೆ ಒಳಗೆ ಅಂಬಲಿಯಂತೆ ಗಟ್ಟಿಯಾಗಬಹುದು. ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರ್ ಇದ್ದರೆ ಅದರ ಬೆಸುಗೆಗೆ ಒಪ್ಪುವ ಹಳೆಯ ಬಗೆಯ ಕೂಲೆಂಟನ್ನೇ ಕೇಳಿ ಹಾಕಿಸಿ, ಎರಡು ವರ್ಷಕ್ಕೊಮ್ಮೆ ಬದಲಿಸಿ. ಬಸಿದ ಕೂಲೆಂಟನ್ನು ನೆಲಕ್ಕೆ ಚೆಲ್ಲಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ.

ಮುಚ್ಚಳವನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಅದರ ತಲೆಯ ಮೇಲೆ 0.9 ಅಥವಾ 1.0 ಎಂಬಂಥ ಸಂಖ್ಯೆ ಇರುತ್ತದೆ. ಅದು ಹಿಡಿದಿಡುವ ಒತ್ತಡ, ಬಾರ್ ಲೆಕ್ಕದಲ್ಲಿ. ಹೊರಗಿನ ಗಾಳಿಗಿಂತ ಒಂದು ಬಾರ್ ಹೆಚ್ಚಿನ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 120 ಡಿಗ್ರಿಗೆ. ಮುಚ್ಚಳದ ರಬ್ಬರು ಸತ್ತಿದ್ದರೆ ಆ 20 ಡಿಗ್ರಿಯ ಆಸರೆಯೂ ಇಲ್ಲ. ಎತ್ತರ ಏರಿದಂತೆ ಕುದಿಯುವ ಬಿಂದು ಇನ್ನೂ ಇಳಿಯುತ್ತದೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ. ಮಹಾಬಳೇಶ್ವರದ ಹಾದಿಯಲ್ಲಿ ಹಾಳಾದ ಮುಚ್ಚಳದ ಗಾಡಿ 95 ಡಿಗ್ರಿಯ ಆಸುಪಾಸಿನಲ್ಲೇ ಉಕ್ಕುವುದು ಇದಕ್ಕೇ. ರಾತ್ರಿ ತಣಿದ ಮೇಲೆ ಹೋಸ್ ಪೈಪ್ ಒಳಗೆ ಹೀರಿಕೊಂಡು ಚಪ್ಪಟೆಯಾಗಿ ಕಂಡರೆ ಮುಚ್ಚಳದ ನಡುವಿನ ಸಣ್ಣ ವಾಲ್ವ್ ಕಟ್ಟಿದೆ. ಹೊಸದನ್ನು ಕೊಳ್ಳುವಾಗ ಅದೇ ಸಂಖ್ಯೆಯದನ್ನು ಕೊಳ್ಳಿ. ಹೆಚ್ಚಿನ ಒತ್ತಡದ್ದನ್ನು ಹಾಕಿದರೆ ಹಳೆಯ ಬೆಸುಗೆ ಬಿಡುತ್ತದೆ. ಪುಣೆಯವರಿಗೆ ನಾನಾ ಪೇಠ್, ಮುಂಬೈಯವರಿಗೆ ಕುರ್ಲಾದ ಸಿಎಸ್‌ಟಿ ರಸ್ತೆ ಇಂಥ ಬಿಡಿಭಾಗಗಳಿಗೆ ಒಳ್ಳೆಯ ಜಾಗ. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಹೆಜ್ಜೆ 4: ಗಾಳಿಯ ದಾರಿ

ಗಾಡಿಯ ಮುಂದೆ ಕುಳಿತು ಜಾಲರಿಯ ಒಳಗೆ ಟಾರ್ಚ್ ಬಿಟ್ಟು ನೋಡಿ. ಎಸಿ ಇರುವ ಗಾಡಿಯಲ್ಲಿ ಮೊದಲು ಕಾಣುವುದು ಎಸಿಯ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಎರಡರ ನಡುವಿನ ಸಂದಿಯಲ್ಲಿ ವರ್ಷಗಳ ಧೂಳು, ಹುಳು, ಒಣಹುಲ್ಲು ಸೇರಿ ಕಂಬಳಿಯಂತೆ ಕಟ್ಟಿರುತ್ತದೆ. ಹೊರಗಿನಿಂದ ತೊಳೆದರೆ ಅದು ಇನ್ನೂ ಒಳಗೆ ಕೂರುತ್ತದೆ. ಎರಡನ್ನೂ ಬಿಡಿಸಿ, ಎಂಜಿನ್ ಕಡೆಯಿಂದ ಮುಂಭಾಗಕ್ಕೆ ಸಾಮಾನ್ಯ ಪೈಪಿನ ನೀರು ಬಿಡಿ. ಸರ್ವಿಸ್ ಸ್ಟೇಷನ್ನಿನ ಜೋರಿನ ನೀರು ಬೇಡ, ತೆಳ್ಳಗಿನ ರೆಕ್ಕೆಗಳು ಮಡಚಿಹೋಗುತ್ತವೆ. ಗೋವಾ, ಕೊಂಕಣದ ಸಮುದ್ರತೀರದಲ್ಲಿ ಗಾಡಿ ನಿಲ್ಲಿಸುವವರು ಪ್ರತಿ ಪ್ರವಾಸದ ಬಳಿಕ ಸಿಹಿನೀರಿನಿಂದ ತೊಳೆಯಲೇಬೇಕು. ಉಪ್ಪುಗಾಳಿಗೆ ಅಲ್ಯೂಮಿನಿಯಂ ರೆಕ್ಕೆಗಳು ಬಿಳಿ ಪುಡಿಯಾಗಿ ಉದುರುತ್ತವೆ. ಮುಟ್ಟಿದರೆ ಪುಡಿಯಾಗುವ ರೆಕ್ಕೆಗಳಿದ್ದರೆ ತೊಳೆದು ಫಲವಿಲ್ಲ, ಜಾಲಿಯನ್ನೇ, ಅಂದರೆ ನಾಳ ಮತ್ತು ರೆಕ್ಕೆಗಳಿರುವ ಭಾಗವನ್ನೇ, ಬದಲಿಸಬೇಕು.

ಈಗ ಕೌಲ್. ರೇಡಿಯೇಟರಿನಿಂದ ಫ್ಯಾನ್‌ವರೆಗೆ ಇರುವ ಆ ಪ್ಲಾಸ್ಟಿಕ್ ಅಥವಾ ತಗಡಿನ ಸುತ್ತುಗೋಡೆ ಇಲ್ಲದಿದ್ದರೆ ಫ್ಯಾನ್ ತನ್ನ ಎದುರಿನ ವೃತ್ತದಷ್ಟು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ. ಮೂಲೆಗಳು ಸುಮ್ಮನೆ ಬಿಸಿಯಾಗಿ ಕುಳಿತಿರುತ್ತವೆ. ಜೊತೆಗೆ ಬದಿಯಿಂದ ಎಂಜಿನ್ನಿನ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ನಮ್ಮ ಗಾಡಿ ದಟ್ಟಣೆಯಲ್ಲಿ ಕಾಯತೊಡಗಿದ್ದು ಎರಡನೆಯ ಗರಾಜಿನಲ್ಲಿ ಕೌಲ್ ಕಳೆದುಕೊಂಡ ಮೇಲೆಯೇ. ಮೊದಲು ಆ ತೊಂದರೆ ಇರಲೇ ಇಲ್ಲ ಎಂಬುದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದಾಗ ನನಗೆ ಹೊಳೆಯಿತು. ಹಳೆಯ ಅಳತೆಯ ಫ್ಯಾನ್ ಮತ್ತು ಗುಜರಿಯಿಂದ ಹುಡುಕಿ ತಂದ ಕೌಲ್ ಹಾಕಿದ ದಿನವೇ ದಟ್ಟಣೆಯ ಕಾಯಿಲೆ ಹೋಯಿತು. ಫ್ಯಾನಿನ ಎಲೆಗಳು ಸುಮಾರು ಅರ್ಧ ಕೌಲ್ ಒಳಗೆ, ಅರ್ಧ ಹೊರಗೆ ಇರಬೇಕು. ರೇಡಿಯೇಟರಿನ ಸುತ್ತಲಿನ ಸಂದಿಗಳಿಗೆ ಸ್ಪಂಜಿನ ಪಟ್ಟಿ ಅಂಟಿಸಿ. ಗಾಳಿ ಸುಲಭದ ದಾರಿ ಹಿಡಿಯುತ್ತದೆ. ಜಾಲಿಯ ಪಕ್ಕದಲ್ಲಿ ಬೆರಳಗಲದ ಸಂದಿ ಸಿಕ್ಕರೆ ಅಲ್ಲಿಂದಲೇ ನುಸುಳುತ್ತದೆ.

ಎಂಜಿನ್ನಿಗೆ ಹೊಂದಿಕೊಂಡ, ಒಳಗೆ ಸಿಲಿಕೋನ್ ಎಣ್ಣೆಯಿರುವ, ಕಾವಿಗೆ ತಕ್ಕಂತೆ ಫ್ಯಾನನ್ನು ಹಿಡಿದು ಬಿಡುವ ಫ್ಯಾನ್ ಕ್ಲಚ್ ನಿಮ್ಮದಾದರೆ, ಬಿಸಿ ಎಂಜಿನ್ ಆರಿಸಿ ಕೀಲಿ ಕೈಯಲ್ಲಿಟ್ಟುಕೊಂಡು ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿ ತಡೆದರೆ ಸರಿ; ಗಿರಗಿಟ್ಟಲೆಯಂತೆ ತಿರುಗುತ್ತಲೇ ಹೋದರೆ ಕ್ಲಚ್ ಸತ್ತಿದೆ. ಎಲೆಕ್ಟ್ರಿಕ್ ಫ್ಯಾನ್ ಆದರೆ ಅದು ಓಡುವಾಗ ಮುಂದಿನ ಜಾಲರಿಗೆ ಒಂದು ಹಾಳೆ ಹಿಡಿಯಿರಿ. ಹಾಳೆ ಅಂಟಿಕೊಳ್ಳಬೇಕು. ಹೊರಕ್ಕೆ ಹಾರಿದರೆ ಯಾರೋ ತಂತಿಗಳನ್ನು ತಿರುವುಮುರುವಾಗಿ ಜೋಡಿಸಿದ್ದಾರೆ.

ಮನೆಯಂತೆ ಮಾಡಿಕೊಂಡ ಗಾಡಿಗಳಲ್ಲಿ ಇನ್ನೊಂದು ತಪ್ಪು ನೋಡಿದ್ದೇನೆ. ಚೆಂದಕ್ಕೆಂದು ಮುಂದೆ ದಪ್ಪ ಕಬ್ಬಿಣದ ಗಾರ್ಡ್, ನಾಲ್ಕು ದೀಪ, ಹಾರ್ನು, ಕೆಲವರು ಸ್ಟೆಪ್ನಿಯನ್ನೂ ಕಟ್ಟುತ್ತಾರೆ. ಕೆಸರು ಬಾರದಿರಲೆಂದು ಎಂಜಿನ್ ಕೆಳಗೆ ತಗಡು ಹೊಡೆಯುತ್ತಾರೆ. ಒಳಗೆ ಬಂದ ಗಾಳಿಗೆ ಹೊರಹೋಗುವ ಬಾಗಿಲೇ ಇಲ್ಲವಾದರೆ ಹೊಸ ಗಾಳಿ ಬರುವುದಾದರೂ ಹೇಗೆ? ಕಂಪನಿಯೇ ಕೊಟ್ಟ ಕೆಳತಟ್ಟೆಯನ್ನು ಬಿಟ್ಟು ಉಳಿದದ್ದನ್ನು ತೆಗೆಯಿರಿ. ಬಾನೆಟ್‌ನ ಹಿಂಭಾಗ ಎತ್ತಿ ವಾಷರ್ ಇಡುವ ಉಪಾಯವನ್ನೂ ನಾನು ಒಪ್ಪುವುದಿಲ್ಲ. ಓಡುವಾಗ ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುವುದರಿಂದ ಬಿಸಿ ಗಾಳಿ ಅಲ್ಲಿಂದ ಹೊರಹೋಗುವ ಬದಲು ಹೊರಗಿನ ಗಾಳಿಯೇ ಒಳನುಗ್ಗಬಹುದು.

ಹೆಜ್ಜೆ 5: ನೀರಿನ ದಾರಿ

ಬೆಲ್ಟಿನಿಂದ ಆರಂಭಿಸಿ. ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಸುಮಾರು 10 ಮಿಲಿಮೀಟರ್ ತಗ್ಗಬೇಕು. ಒಳಬದಿ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ಹಳೆಯ ಗಾಡಿಗಳಲ್ಲಿ ಪಂಪ್ ಮತ್ತು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎರಡಕ್ಕೂ ಒಂದೇ ಬೆಲ್ಟ್ ಇರುವುದು ಸಾಮಾನ್ಯ. ಬ್ಯಾಟರಿಯ ಕೆಂಪು ದೀಪ ಹೊತ್ತಿದ ಸ್ವಲ್ಪ ಹೊತ್ತಿಗೆ ಮುಳ್ಳು ಏರಿದರೆ ಬೆಲ್ಟ್ ಹರಿದಿದೆ, ಎಂಜಿನ್ ಆ ಕ್ಷಣವೇ ಆರಿಸಿ. ಪಂಪಿನ ಕೆಳಗಿನ ಸಣ್ಣ ತೂತಿನಿಂದ ಹನಿ ಬೀಳುತ್ತಿದ್ದರೆ ಅದರ ಸೀಲ್ ಹೋಗಿದೆ; ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚಿದ ಗಾಡಿಯನ್ನೂ ಕಂಡಿದ್ದೇನೆ. ದಯವಿಟ್ಟು ಮುಚ್ಚಬೇಡಿ. ಅದು ಪಂಪ್ ಸಾಯುವ ಮೊದಲು ಕೊಡುವ ಸೂಚನೆ.

ಥರ್ಮೋಸ್ಟಾಟ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಅತಿ ಹೆಚ್ಚು ಅನ್ಯಾಯಕ್ಕೆ ಒಳಗಾದ ಭಾಗ ಅದು. ಗರಾಜುಗಳಲ್ಲಿ ಬರೀ ‘ವಾಲ್ವ್’ ಎಂದೂ ಕರೆಯುತ್ತಾರೆ. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿಕೊಂಡು, ನೀರನ್ನು ರೇಡಿಯೇಟರಿಗೆ ಕಳಿಸದೆ ಅಡ್ಡದಾರಿಯಿಂದ ಎಂಜಿನ್ನಿಗೇ ಮರಳಿಸುತ್ತದೆ. ಕಾದಾಗ ರೇಡಿಯೇಟರಿನ ದಾರಿ ತೆರೆಯುತ್ತದೆ. ಒಎಂ 616ರಂಥ ಎಂಜಿನ್ನುಗಳಲ್ಲಿ ಅದರ ಕೆಳಗಿನ ತಟ್ಟೆ ಅದೇ ಹೊತ್ತಿಗೆ ಆ ಅಡ್ಡದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟನ್ನೇ ಕಿತ್ತರೆ ಅಡ್ಡದಾರಿ ಸದಾ ತೆರೆದೇ ಇರುತ್ತದೆ. ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ನೋಡದೆಯೇ ಎಂಜಿನ್ನಿಗೆ ಮರಳುತ್ತದೆ. ಸಪಾಟು ರಸ್ತೆಯಲ್ಲಿ ಗಾಡಿ ತಣ್ಣಗಿದ್ದಂತೆ ಕಾಣುತ್ತದೆ, ಘಟ್ಟದಲ್ಲಿ ಕುದಿಯುತ್ತದೆ. ಮೂರನೆಯ ಗರಾಜಿನವರು ರೇಡಿಯೇಟರ್ ಬದಲಿಸಿದ್ದು ಸರಿಯಾದ ಕೆಲಸವೇ ಆಗಿತ್ತು. ಆದರೆ ಅಷ್ಟರಲ್ಲಿ ಥರ್ಮೋಸ್ಟಾಟ್ ಇರಲಿಲ್ಲ, ಕೌಲ್ ಇರಲಿಲ್ಲ. ಸರಿಯಾದ ಮದ್ದಿನ ಗುಣ ಕಾಣಿಸಲೇ ಇಲ್ಲ. ಅಂದಿನಿಂದ ನಾನು ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿಸುತ್ತೇನೆ, ಫಲ ಕಾಣದಿದ್ದರೆ ಮೊದಲಿನಂತೆ ಜೋಡಿಸುತ್ತೇನೆ.

ಥರ್ಮೋಸ್ಟಾಟ್ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಹಳೆಯ ಪಾತ್ರೆಯಲ್ಲಿ ನೀರಿಟ್ಟು, ಅದನ್ನು ತಳಕ್ಕೆ ತಾಗದಂತೆ ದಾರದಲ್ಲಿ ತೂಗುಬಿಟ್ಟು ಕಾಯಿಸಿ, ಥರ್ಮಾಮೀಟರ್ ಅದ್ದಿ ನೋಡಿ. ತೆರೆಯತೊಡಗುವ ಡಿಗ್ರಿಯನ್ನು ಅದರ ಮೈಮೇಲೆಯೇ ಕೆತ್ತಿರುತ್ತಾರೆ, ಸಾಮಾನ್ಯವಾಗಿ 80ರಿಂದ 88ರ ನಡುವೆ. ಅಲ್ಲಿಂದ ಹತ್ತು ಹದಿನೈದು ಡಿಗ್ರಿ ಮೇಲೇರುವಷ್ಟರಲ್ಲಿ ಪೂರ್ತಿ ತೆರೆಯಬೇಕು.

ಇನ್ನು ಕೆಳಗಿನ ಹೋಸ್. ಪಂಪ್ ಅದರಿಂದ ನೀರನ್ನು ಎಳೆಯುವುದರಿಂದ ಕೆಲವು ಗಾಡಿಗಳಲ್ಲಿ ಅದರೊಳಗೆ ಉಕ್ಕಿನ ಸುರುಳಿ ಇರುತ್ತದೆ. ಸುರುಳಿ ತುಕ್ಕು ಹಿಡಿದು ಹೋಗಿದ್ದರೆ ಎಂಜಿನ್ ವೇಗ ಏರಿದಾಗ ಪೈಪ್ ಹೀರಿಕೊಂಡು ಮುಚ್ಚುತ್ತದೆ. ಒಬ್ಬರು ಆಕ್ಸಿಲರೇಟರ್ ಒತ್ತಿ, ಇನ್ನೊಬ್ಬರು ಫ್ಯಾನಿನಿಂದ ದೂರ ನಿಂತು ನೋಡಿದರೆ ಗೊತ್ತಾಗುತ್ತದೆ.

ರೇಡಿಯೇಟರ್ ಒಳಗೆ ಕಟ್ಟಿದೆಯೇ ಎಂದು ತಿಳಿಯಲು, ಬಿಸಿ ಎಂಜಿನ್ ಆರಿಸಿ ಜಾಲಿಯ ಉದ್ದಗಲಕ್ಕೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ನೀರು ಬರುವ ಕಡೆಯಿಂದ ಹೋಗುವ ಕಡೆಗೆ ಕಾವು ಸಮವಾಗಿ ಇಳಿಯಬೇಕು. ನಡುವೆ ತಣ್ಣನೆಯ ತೇಪೆಗಳು ಸಿಕ್ಕರೆ ಅಲ್ಲಿನ ನಾಳಗಳು ಮುಚ್ಚಿವೆ. ತಾಮ್ರದ ರೇಡಿಯೇಟರ್ ಆದರೆ ರೇಡಿಯೇಟರ್ ಕೆಲಸದವರು ತೊಟ್ಟಿ ಬಿಚ್ಚಿ ನಾಳಗಳಲ್ಲಿ ಸರಳು ಆಡಿಸಿ ಶುಚಿ ಮಾಡಿಕೊಡುತ್ತಾರೆ.

ಮತ್ತೆ ನೀರು ತುಂಬುವಾಗ ಗಾಳಿ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ. ಗಾಡಿಯ ಮೂಗು ಏರುಮುಖವಾಗಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ನಿಧಾನವಾಗಿ ಸುರಿಯಿರಿ. ಹೋಸ್ ಹಿಸುಕುತ್ತಿದ್ದರೆ ಗುಳುಗುಳು ಎಂದು ಗಾಳಿ ಏಳುತ್ತದೆ. ಒಮ್ಮೆ ಓಡಿಸಿ, ಪೂರ್ತಿ ತಣಿದ ಮೇಲೆ ಮತ್ತೆ ಮಟ್ಟ ನೋಡಿ. ಸೀಟಿನ ಕೆಳಗೆ ಎಂಜಿನ್ ಇರುವ ಗಾಡಿಗಳಲ್ಲಿ ಇದನ್ನು ಎರಡು ಮೂರು ಸಲ ಮಾಡಬೇಕಾಗಬಹುದು.

ಹೆಜ್ಜೆ 6: ಎಂಜಿನ್ನೇ ಹೆಚ್ಚು ಕಾವು ಹುಟ್ಟಿಸುತ್ತಿದ್ದರೆ

ಎಲ್ಲೂ ಸೋರದೆ ನೀರು ಕಡಿಮೆಯಾಗುವುದು, ತಣ್ಣಗಿನ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ಹೋಸ್ ಕಲ್ಲಿನಂತಾಗುವುದು, ತೆರೆದ ಮುಚ್ಚಳದಲ್ಲಿ ಬಿಡದೆ ಗುಳ್ಳೆ ಏಳುವುದು, ಎಣ್ಣೆ ಹಾಲು ಬೆರೆಸಿದ ಚಹಾದಂತಾಗುವುದು ಹೆಡ್ ಗ್ಯಾಸ್ಕೆಟ್ ಹೋಗಿರುವ ಲಕ್ಷಣಗಳು. ಇದರಲ್ಲಿ ಸ್ವಂತ ಕೈಚಳಕ ಬೇಡ. ಹೆಡ್ ಬಿಚ್ಚಿಸಿದಾಗ ಅದು ಸಪಾಟಾಗಿದೆಯೇ ಎಂದು ಅಳೆಸಿಯೇ ಕೂರಿಸಿ. ಕಪ್ಪು ಹೊಗೆ, ಶಕ್ತಿ ಇಳಿತ ಇದ್ದರೆ ಡೀಸೆಲ್ ಪಂಪಿನ ಟೈಮಿಂಗ್ (ಡೀಸೆಲ್ ಚಿಮ್ಮಿಸುವ ಹೊತ್ತು) ನೋಡಿಸಿ. ಒಂದು ಸುತ್ತು ಓಡಿಸಿ ಬಂದು ನಾಲ್ಕೂ ಚಕ್ರಗಳ ಕಾವು ಅಳೆಯಿರಿ; ಒಂದೇ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ತೂಕವನ್ನೂ ಮರೆಯಬೇಡಿ. 100 ಲೀಟರ್ ನೀರಿನ ಟ್ಯಾಂಕ್ ಎಂದರೆ 100 ಕಿಲೋ. ಘಟ್ಟ ಹತ್ತಿದ ಮೇಲೆ ತುಂಬಿಸಿಕೊಳ್ಳಬಹುದಾದ ನೀರನ್ನು ಕೆಳಗಿನಿಂದ ಹೊತ್ತೊಯ್ಯಬೇಕಿಲ್ಲ.

ಹೆಜ್ಜೆ 7: ಕಾಲಿಗೆ ತಾಗುವ ಕಾವು

ನೀರು 88 ಡಿಗ್ರಿಯಲ್ಲಿ ಸುಮ್ಮನಿದ್ದರೂ ಸೀಟಿನ ಪಕ್ಕ ಒಲೆಯಂತಿರುವುದು ಈ ಗಾಡಿಗಳ ಹುಟ್ಟುಗುಣ. ಅರ್ಧಕ್ಕಿಂತ ಹೆಚ್ಚು ಕಾವು ಬರುವುದು ಲೋಹದ ಮೂಲಕವಲ್ಲ, ಸಂದಿಗಳಿಂದ ನುಗ್ಗುವ ಬಿಸಿ ಗಾಳಿಯಿಂದ ಎಂಬುದು ನನ್ನ ಅನುಭವ. ಆದ್ದರಿಂದ ಹಾಸು ಹಾಕುವ ಮೊದಲು ಸಂದಿ ಮುಚ್ಚಿ. ರಾತ್ರಿ ಎಂಜಿನ್ ಆರಿರುವಾಗ ಎಂಜಿನ್ ಮುಚ್ಚಳದ ಒಳಗೆ ಪ್ರಖರ ಟಾರ್ಚ್ ಇಟ್ಟು, ಒಳಗಿನ ದೀಪ ಆರಿಸಿ ಕುಳಿತು ನೋಡಿ. ಬೆಳಕು ಕಂಡಲ್ಲೆಲ್ಲ ಸೀಸದ ಕಡ್ಡಿಯಿಂದ ಗುರುತು ಹಾಕಿ: ಮುಚ್ಚಳದ ಅಂಚು, ಗೇರ್ ದಂಡದ ಬುಡ, ಪೆಡಲುಗಳ ತೂತು, ತಂತಿಗಳು ಹಾಯುವ ರಬ್ಬರು. ಅಂಚಿಗೆ ಹೊಸ ರಬ್ಬರ್ ಬೀಡಿಂಗ್, ಕೊಂಡಿಗಳು ಬಿಗಿಯಾಗಿ ಎಳೆಯುವಂತೆ ರಿಪೇರಿ, ತೂತುಗಳಿಗೆ ಕಾವು ತಡೆಯುವ ಸಿಲಿಕೋನ್.

ಆಮೇಲೆ ಮುಚ್ಚಳದ ಒಳಮೈಗೆ ಅಲ್ಯೂಮಿನಿಯಂ ಹಾಳೆ ಹೊದಿಸಿದ ಗಾಜಿನ ಉಣ್ಣೆಯ ಹಾಸು, ಹೊಳೆಯುವ ಮುಖ ಎಂಜಿನ್ ಕಡೆಗೆ. ಹೊಳಪು ಕಾವನ್ನು ಹಿಂದಿರುಗಿಸಬೇಕಾದರೆ ಅದರ ಮುಂದೆ ಗಾಳಿಯ ಜಾಗ ಇರಲೇಬೇಕು. ಬಿಸಿ ಲೋಹಕ್ಕೆ ತಾಗಿದರೆ ಹೊಳಪಿನಿಂದ ಉಪಯೋಗವಿಲ್ಲ. ಅಂಚುಗಳನ್ನು ಟೇಪ್ ಹಾಕಿ ಪೂರ್ತಿ ಮುಚ್ಚಿ, ಬರೀ ಅಂಟನ್ನು ನಂಬದೆ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಥರ್ಮೋಕೋಲ್, ಗೋಣಿ, ಹಾಸಿಗೆಯ ಸ್ಪಂಜು ಎಂದೂ ಬೇಡ. ಎಣ್ಣೆ ಡೀಸೆಲ್ ಹೀರಿಕೊಂಡ ಸ್ಪಂಜು ಬೆಂಕಿಗೆ ಬತ್ತಿಯಾಗುತ್ತದೆ. ತೀರ ಹಳೆಯ ಗಾಡಿಯಲ್ಲಿ ಬೂದು ಬಣ್ಣದ ನಾರಿನ ಹಲಗೆ ಸಿಕ್ಕರೆ ಅದು ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ಕೆರೆಯಬೇಡಿ.

ಇದರ ಜೊತೆಗೆ ಮೂರು ಕೆಲಸ. ಎಕ್ಸಾಸ್ಟ್ ಪೈಪ್ ಎಂಜಿನ್ನಿಗೆ ಸೇರುವಲ್ಲಿ ‘ಟಿಕ್ ಟಿಕ್’ ಸದ್ದು, ಕಪ್ಪು ಮಸಿ ಇದ್ದರೆ ಗ್ಯಾಸ್ಕೆಟ್ ಬದಲಿಸಿ. ಅಲ್ಲಿಂದ ಬರುವುದು ಕಾವಷ್ಟೇ ಅಲ್ಲ, ಇಂಗಾಲದ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷ. ಮಲಗುವ ಗಾಡಿಯಲ್ಲಿ ಅದನ್ನು ಪತ್ತೆ ಮಾಡುವ ಅಲಾರಂ ಇರಲೇಬೇಕು. ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳ ನಡುವಿನ ಬಟ್ಟೆ ಸುತ್ತಿದ ಸಣ್ಣ ಡೀಸೆಲ್ ಪೈಪುಗಳು ಕಾವಿಗೆ ಒಣಗಿ ಬಿರಿಯುತ್ತವೆ, ಅವನ್ನು ಹೊಸದಾಗಿ ಹಾಕಿಸಿ. ಒಣಪುಡಿಯ ಅಗ್ನಿಶಾಮಕವನ್ನು ಚಾಲಕರ ಕೈಗೆಟುಕುವಂತೆ ಇಡಿ, ಮಂಚದ ಕೆಳಗಲ್ಲ.

ಹೆಜ್ಜೆ 8: ಘಟ್ಟದಲ್ಲಿ

ಬೇಸಿಗೆಯಲ್ಲಿ ನಾವು ಪುಣೆ ಬಿಡುವುದು ಬೆಳಗಿನ ನಾಲ್ಕೂವರೆಗೆ. ಬಿಸಿಲೇರುವ ಮೊದಲೇ ಖಂಬಾಟಕಿ ದಾಟಿರುತ್ತೇವೆ. ನಿಪ್ಪಾಣಿಯ ಬಳಿಯ ತವಂದಿ ಘಾಟ್‌ಗೆ ಬರುವಾಗ ಗಾಡಿಯೂ ನಾವೂ ಒಮ್ಮೆ ವಿಶ್ರಾಂತಿ ಪಡೆದಿರುತ್ತೇವೆ. ಏರು ಆರಂಭವಾಗುವ ಮೊದಲೇ ಎಸಿ ಆರಿಸಿ, ಗೇರ್ ಇಳಿಸಿ. ಮೇಲಿನ ಗೇರಿನಲ್ಲಿ ಏದುಸಿರು ಬಿಡಿಸಿದರೆ ಪಂಪ್, ಫ್ಯಾನ್ ಎರಡೂ ನಿಧಾನವಾಗುತ್ತವೆ, ಎಂಜಿನ್ನಿನ ಹೊರೆ ಮಾತ್ರ ಹೆಚ್ಚುತ್ತದೆ. ಒಂದು ಗೇರ್ ಕೆಳಗೆ, ಅರ್ಧ ಆಕ್ಸಿಲರೇಟರ್, ನಿಧಾನದ ಏಕಗತಿ. ಲಾರಿಯ ಬಾಲಕ್ಕೆ ಅಂಟಿಕೊಳ್ಳಬೇಡಿ, ಅದರ ಬಿಸಿಯುಸಿರು ನಿಮ್ಮ ರೇಡಿಯೇಟರಿಗೇ ಬರುತ್ತದೆ.

ಮುಳ್ಳು ಮುಕ್ಕಾಲು ದಾಟಿದರೆ ಕಿಟಕಿ ತೆರೆದು ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ವೇಗಕ್ಕೆ ಹಾಕಿ. ಅದು ಒಂದು ಪುಟ್ಟ ರೇಡಿಯೇಟರೇ. ಇಳಿಯದಿದ್ದರೆ ತಿರುವಿನಲ್ಲಲ್ಲದೆ ಅಗಲವಾದ ಜಾಗ ನೋಡಿ ನಿಲ್ಲಿಸಿ. ಹಬೆಯಿಲ್ಲ, ಸೋರಿಕೆಯಿಲ್ಲ, ಬೆಲ್ಟ್ ಇದೆ ಎಂದಾದರೆ ಎಂಜಿನ್ ತಕ್ಷಣ ಆರಿಸಬೇಡಿ. ನ್ಯೂಟ್ರಲ್‌ನಲ್ಲಿ ಮಾಮೂಲಿಗಿಂತ ತುಸು ಹೆಚ್ಚಿನ ವೇಗದಲ್ಲಿ ಮೂರು ನಾಲ್ಕು ನಿಮಿಷ ಓಡಲು ಬಿಡಿ, ಮುಳ್ಳು ಇಳಿದ ಮೇಲೆ ಆರಿಸಿ. ಹಬೆ ಎದ್ದಿದ್ದರೆ, ನೀರು ಚೆಲ್ಲಿದ್ದರೆ, ಬೆಲ್ಟ್ ಹರಿದಿದ್ದರೆ ಒಂದು ಕ್ಷಣವೂ ಓಡಿಸದೆ ಆರಿಸಿ. ಬರಿದಾದ ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ. ಕಾದು, ಸ್ವಲ್ಪಸ್ವಲ್ಪವಾಗಿಯೇ ಹಾಕಿ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಹಾಯಕ್ಕೆ 1033ಕ್ಕೆ ಕರೆ ಮಾಡಬಹುದು.

ಇಳಿಯುವಾಗ ಗಾಡಿ ತಣಿಯಲೆಂದು ನ್ಯೂಟ್ರಲ್ ಹಾಕುವವರಿದ್ದಾರೆ. ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಬ್ರೇಕ್ ಕೈಕೊಟ್ಟ ಗಾಡಿಗಳ ಅಪಘಾತಗಳನ್ನು ಪುಣೆಯವರು ಮತ್ತೆ ಮತ್ತೆ ನೋಡಿದ್ದೇವೆ. ಗೇರಿನಲ್ಲೇ ಇಳಿಯಿರಿ. ಆಕ್ಸಿಲರೇಟರ್ ಬಿಟ್ಟು ಇಳಿಯುವ ಎಂಜಿನ್ ಇಂಧನ ಸುಡುವುದು ಅತ್ಯಲ್ಪ. ಪಂಪ್ ಮತ್ತು ಫ್ಯಾನ್ ಓಡುತ್ತಲೇ ಇರುವುದರಿಂದ ನ್ಯೂಟ್ರಲ್‌ಗಿಂತ ಚೆನ್ನಾಗಿಯೇ ತಣಿಯುತ್ತದೆ.

ಹೆಜ್ಜೆ 9: ಪರೀಕ್ಷೆಯ ಓಟ

ಕೆಲಸ ಮುಗಿದ ಕೂಡಲೇ ಗೋವಾಕ್ಕೆ ಹೊರಡಬೇಡಿ. ನಾವು ಕಾತ್ರಜ್‌ನ ಹಳೆಯ ಘಾಟ್ ಅನ್ನು ಪರೀಕ್ಷೆಗೆ ಇಟ್ಟುಕೊಂಡಿದ್ದೇವೆ. ಊರಿಗೆ ಹತ್ತಿರ, ಏರು ಸಾಕಷ್ಟು, ಗಾಡಿ ಕೆಟ್ಟರೆ ಮೇಸ್ತ್ರಿ ಬರುವಷ್ಟು ದೂರ. ಮೊದಲ ಸಲ ಬರಿ ಗಾಡಿ, ಎರಡನೆಯ ಸಲ ನೀರು, ಗ್ಯಾಸ್, ಸಾಮಾನು ತುಂಬಿಕೊಂಡು, ಮೂರನೆಯ ಸಲ ಮಧ್ಯಾಹ್ನದ ಬಿಸಿಲಿನಲ್ಲಿ. ಪ್ರತಿ ಸಲವೂ ಬುಡದಲ್ಲಿ, ಹಳೆಯ ಸುರಂಗದ ಹತ್ತಿರ, ಮರಳಿ ಬುಡದಲ್ಲಿ ಕಪ್ಪು ಟೇಪಿನ ಮೇಲೆ ಅಳೆದು ಬರೆಯಿರಿ. ತಣಿದ ಮೇಲೆ ನೀರಿನ ಮಟ್ಟ ನೋಡಿ, ಹೋಸ್ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿಯಿರಿ.

ನಮ್ಮ ಪುಸ್ತಕದಲ್ಲಿ ಕಾತ್ರಜ್‌ನ ಮೂರನೆಯ ಸಲದ ಸಾಲು ಹೀಗಿದೆ: ಬುಡದಲ್ಲಿ 84, ಸುರಂಗದ ಹತ್ತಿರ 93, ಇಳಿದ ಮೇಲೆ 82. ಮುಂದಿನ ತಿಂಗಳು ಧಾರವಾಡಕ್ಕೆ ಹೋದಾಗ ಖಂಬಾಟಕಿಯ ನೆತ್ತಿಯಲ್ಲಿ 95 ಬಂತು. ಆ ಸಂಖ್ಯೆಯನ್ನು ಬರೆದದ್ದು ಮುಂದಿನ ಸೀಟಿಗೆ ಬಂದು ಎಂಜಿನ್ ಮುಚ್ಚಳದ ಮೇಲೆ ಅಂಗೈ ಊರಿ ಕುಳಿತಿದ್ದ ಅತ್ತೆ.